ಕಂಜಾನ ಮನೆಗೆ ಬಿಸಿಲಿನ ಕರೆಂಟು

ರೂಫಿನ್ ಕಂಜಾ ಮೀಸೆ ಸರಿಯಾಗಿ ಚಿಗುರುವ ಮೊದಲೇ ಕಲ್ಲಿದ್ದಲ ಗಣಿಗೆ ಇಳಿದವನು. ಪೋಲೆಂಡಿನ ಸಿಲೇಸಿಯಾದಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯೇನಲ್ಲ. ಅವರ ಬೀದಿಯಲ್ಲಿ ಗಣಿಗೆ ಇಳಿಯದ ಗಂಡಸರೆಂದರೆ ಪಾದ್ರಿ ಮತ್ತು ಅಂಚೆಯವನು, ಇಬ್ಬರೇ. ಇದ್ದಲಿನ ಪದರ ಆ ಬೀದಿಯ ಅಡಿಯಲ್ಲೇ ಹಾದುಹೋಗಿತ್ತು. ಪಾಳಿ ಮುಗಿಸಿ ಬಂದ ರೂಫಿನ್ ಊಟಕ್ಕೆ ಕೂತು ಹೆಂಡತಿಯನ್ನು ಕೆಣಕುತ್ತಿದ್ದ.

"ಇವತ್ತು ನಿನ್ನ ಅಡಿಗೆಮನೆ ಕೆಳಗೇ ಇದ್ದೆ ಕಣೇ. ಎಲೆಕೋಸಿನ ವಾಸನೆ ಅಲ್ಲೀತನಕ ಬರ್ತಿತ್ತು."

"ಹಂಗಾದ್ರೆ ಅಲ್ಲಿಂದ್ಲೇ ಕೂಗಬೇಕಿತ್ತು. ತಟ್ಟೆ ಇಳಿಸ್ತಿದ್ದೆ," ಎನ್ನುತ್ತಿದ್ದಳು ಒತಿಲ್ಯಾ.

ಕೆಳಗೆ ಅಗೆದಂತೆಲ್ಲ ಮೇಲೆ ಬೀದಿ ಕುಸಿಯುತ್ತ ಬಂತು. ಕೆಂಪು ಇಟ್ಟಿಗೆಯ ಸಾಲುಮನೆಗಳು ಒಂದಕ್ಕೊಂದು ಒರಗಿ ನಿಂತವು. ಕಿಟಕಿಗಳು ಮುಚ್ಚದಾದವು, ಬಾಗಿಲುಗಳ ಅಡಿಯನ್ನು ಕೆತ್ತಿ ಕೂರಿಸಬೇಕಾಯಿತು. ಒತಿಲ್ಯಾ ಮೇಜಿನ ಎರಡು ಕಾಲುಗಳ ಕೆಳಗೆ ಮರದ ತುಂಡಿಟ್ಟು ಸೂಪು ಚೆಲ್ಲದಂತೆ ಮಾಡಿಕೊಂಡಿದ್ದಳು. ಗೋಡೆ ಬಿರುಕು ಬಿಟ್ಟಾಗ ಗಣಿಯವರು ಬಂದು ಗಾರೆ ಮೆತ್ತಿ ಹೋಗುತ್ತಿದ್ದರು. ಆಮೇಲೆ ಗಣಿಯೇ ಮುಚ್ಚಿತು. ಗಾರೆಯವರು ಬರುವುದೂ ನಿಂತಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹುಟ್ಟಿದಾಗಿನಿಂದ ವಾಲಿದ ನೆಲದ ಮೇಲೆ ನಡೆದವರಿಗೆ ಅದೇ ಸಮ.

ಶ್ವಾಸಕೋಶ ಕೆಟ್ಟದ್ದು ರೂಫಿನ್‌ನದಲ್ಲ, ಒತಿಲ್ಯಾಳದು. ಒಂದು ದಿನವೂ ಗಣಿಗೆ ಇಳಿಯದವಳು ಜೀವನವಿಡೀ ಅಡಿಗೆಮನೆಯ ಹೆಂಚು ಹೊದಿಸಿದ ಒಲೆಗೆ ಇದ್ದಲು ಸುರಿದು, ಬೂದಿ ಬಳಿದು, ಹೊಗೆ ಕುಡಿದಿದ್ದಳು. ಆ ಒಲೆಯೇ ಅಡಿಗೆಗೆ, ಅದೇ ಮನೆ ಬೆಚ್ಚಗಿಡಲು. ಚಳಿ ಶುರುವಾದರೆ ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಹಾಸಿಗೆ ಹಾಸುವಷ್ಟರಲ್ಲಿ ಉಸಿರು ಸಾಲದೆ ಕೂತುಬಿಡುತ್ತಿದ್ದಳು.

"ಇನ್ನೊಂದು ಚಳಿಗಾಲ ಈ ಹೊಗೆಯಲ್ಲಿ ಬೇಡ," ಎಂದಳು ಡಾಕ್ಟರಮ್ಮ, ಒತಿಲ್ಯಾಳಿಗಲ್ಲ, ರೂಫಿನ್‌ಗೆ.

ಆಗ ಸರ್ಕಾರದ ಯೋಜನೆಯೊಂದು ನಡೆದಿತ್ತು. ಹಳೆಯ ಒಲೆ ಒಡೆದವರಿಗೆ ಮಾಡಿನ ಮೇಲೆ ಸೋಲಾರ್ ಫಲಕ, ಹಿತ್ತಲಲ್ಲಿ ಅದರ ಕರೆಂಟಿನಿಂದ ಮನೆ ಬೆಚ್ಚಗೆ ಮಾಡುವ ಯಂತ್ರ. ಖರ್ಚಿನ ಬಹುಪಾಲು ಸರ್ಕಾರದ್ದೇ. ರೂಫಿನ್ ಒಪ್ಪಿದ ಸುದ್ದಿ ತಿಳಿದು ಪಕ್ಕದ ಮನೆಯ, ಪಾರಿವಾಳ ಸಾಕುವ ಬ್ರೂನೋ ಪಿಕಾ ಬೇಲಿಯ ಮೇಲೆ ಮೊಳಕೈ ಊರಿ ನಿಂತ. ಇಬ್ಬರೂ ಒಂದೇ ಪಾಳಿಯಲ್ಲಿ ದುಡಿದವರು. ಒಮ್ಮೆ ಮಣ್ಣು ಕುಸಿದಾಗ ಬ್ರೂನೋನ ಕಾಲು ಹಿಡಿದು ಹೊರಗೆಳೆದವನು ರೂಫಿನ್.

"ಏನಯ್ಯಾ, ಇದ್ದಲು ಅಗೆದ ಕೈಲಿ ಬಿಸಿಲು ಅಗೀತೀಯಂತೆ?"

"ಹೂಂ. ಇಳಿಯೋದು ಬೇಡ, ಹತ್ತಿದ್ರೆ ಸಾಕು."

"ನಮ್ಮೂರಲ್ಲಿ ಬಿಸಿಲು ಎಲ್ಲಿದೆಯೋ ಮಾರಾಯಾ? ನವೆಂಬರಲ್ಲಿ ಒಂದ್ಸಲ ಬಂದು ಮುಖ ತೋರಿಸಿ ಹೋದ್ರೆ ಹೆಚ್ಚು."

"ನಿನ್ನ ಪಾರಿವಾಳಕ್ಕೆ ಹೇಳು, ನನ್ನ ಫಲಕದ ಮೇಲೆ ಹಿಕ್ಕೆ ಹಾಕಬಾರದು ಅಂತ."

"ಅವಕ್ಕೆ ನಾನು ಹೇಳೋದೇನು, ನಿನ್ನ ಮಾಡು ಕಂಡ್ರೇ ಬರುತ್ತೆ ಅವಕ್ಕೆ," ಎಂದು ಬ್ರೂನೋ ಗಹಗಹಿಸಿದ.

ಕಂಪನಿಯವನೊಬ್ಬ ಬಂದು, ರಸ್ತೆಯಲ್ಲೇ ನಿಂತು ಮಾಡು ನೋಡಿ, ದಿಕ್ಕು ಚೆನ್ನಾಗಿದೆ ಎಂದು ಹೇಳಿ ಹೋದ. ಒಲೆ ಒಡೆದ ಫೋಟೋ ಬಂದ ಮೇಲೆ ಕೆಲಸ ಶುರು ಎಂದ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ರೂಫಿನ್ ಸುತ್ತಿಗೆ ಹಿಡಿದು ಒಲೆಯ ಮುಂದೆ ನಿಂತ. ಅವನ ಅಜ್ಜ ಕಟ್ಟಿಸಿದ ಒಲೆ. ಹಸಿರು ಹೊಳಪಿನ ಹೆಂಚುಗಳು. ಒತಿಲ್ಯಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನೋಡಬೇಡ, ಒಳಗೆ ಹೋಗು. ಧೂಳು."

"ನನ್ನ ಪ್ರಾಣ ತಿಂದಿದ್ದು ಅದು. ಅದರ ಪ್ರಾಣ ಹೋಗೋದನ್ನ ನಾನು ನೋಡಬಾರದಾ?" ಎಂದಳು. ಮೊದಲ ಏಟು ಬಿದ್ದಾಗ ಮಾತ್ರ ಎದ್ದು ಹೋದಳು.

ಫಲಕ ಕೂರಿಸುವವರು ಬಂದದ್ದು ಅಕ್ಟೋಬರಿನಲ್ಲಿ, ಮಂಜು ಬೀಳಲು ಶುರುವಾದ ಮೇಲೆ. ಮಾಗ್ದಾ ಎಂಬ ಮೇಸ್ತ್ರಿ ಹೆಂಗಸು ಅಟ್ಟ ಹತ್ತಿದವಳು ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಅವಳ ಮುಖದಲ್ಲಿ ನಗೆಯಿರಲಿಲ್ಲ.

"ಕಂಜಾ ಅವರೇ, ಇತ್ತೀಚೆಗೆ ಅಟ್ಟಕ್ಕೆ ಹೋಗಿದ್ದೀರಾ?"

"ಮೊಣಕಾಲು ಬಿಡಲ್ಲಮ್ಮ. ಯಾಕೆ?"

"ಗೋಡೆಯ ಮೇಲೆ ತೊಲೆ ಕೂತೇ ಇಲ್ಲ. ಈ ಕಡೆ ಗೋಡೆ ಹೊರಗೆ ವಾಲಿದೆ. ನನ್ನ ಕೈ ಪೂರ್ತಿ ತೂರುತ್ತೆ ಅಲ್ಲಿ."

ಫಲಕಗಳು ಲಾರಿಯಿಂದ ಇಳಿಯಲೇ ಇಲ್ಲ. ಕಂಡದ್ದನ್ನು ನಗರಸಭೆಗೆ ತಿಳಿಸದೆ ಬಿಡುವ ಹಾಗಿಲ್ಲ ಎಂದು ಮಾಗ್ದಾ ಕ್ಷಮೆ ಕೇಳಿ ಹೋದಳು. ವಾರದೊಳಗೆ ನಗರಸಭೆಯ ಇಂಜಿನಿಯರ್ ಬಂದ. ತಗ್ಗಿದ ದನಿಯ, ಸಭ್ಯ ಮನುಷ್ಯ. ನೆಲಮಾಳಿಗೆಯಿಂದ ಅಟ್ಟದವರೆಗೆ ನೋಡಿದ. ನಡುಗೋಡೆ ಎರಡೂ ಮನೆಗೆ ಒಂದೇ ಎಂದು ಬ್ರೂನೋನ ಮನೆಗೂ ಹೋಗಿ ನೋಡಿದ. ಆಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದ.

"ಈ ಚಳಿಗಾಲ ಇಲ್ಲಿ ಕಳೆಯೋಕಾಗಲ್ಲ. ಹಿಮದ ಭಾರ ಬಿದ್ರೆ ಮಾಡು ಕೂತುಬಿಡುತ್ತೆ. ಎರಡೂ ಮನೆಯವರು ಖಾಲಿ ಮಾಡಬೇಕು."

"ಎರಡೂ ಮನೆಯವರು ಅಂದ್ರೆ?" ಎಂದ ಬ್ರೂನೋ.

"ಒಂದನ್ನ ಕೆಡವಿದ್ರೆ ಇನ್ನೊಂದು ನಿಲ್ಲಲ್ಲ ಸ್ವಾಮಿ."

ಬ್ರೂನೋ ರೂಫಿನ್‌ನ ಕಡೆ ತಿರುಗಿ, "ಇಷ್ಟು ವರ್ಷ ಒಬ್ಬ ನರಪಿಳ್ಳೆ ನಮ್ಮ ಅಟ್ಟ ನೋಡಲಿಲ್ಲ. ನಾವೂ ಚೆನ್ನಾಗೇ ಇದ್ವಿ. ಕರೆದುಕೊಂಡು ಬಂದು ತೋರಿಸಿದೆಯಲ್ಲೋ," ಎಂದ.

"ನಂಗೇನು ಗೊತ್ತಿತ್ತು ಬ್ರೂನೋ?"

"ಬಿಸಿಲು ಬೇಕಿತ್ತು ನಿಂಗೆ. ಈಗ ಆಕಾಶದ ಕೆಳಗೇ ಕೂತ್ಕೋ."

ಇಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಬಾಗಿಲು ಎಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಭುಜ ಕೊಟ್ಟು ನೂಕುವ ಸದ್ದು ಹೊರಗೆ ಕೇಳಿಸಿತು.

ನಗರಸಭೆಯಿಂದ ಬೇರೆ ಮನೆ ಸಿಗುವವರೆಗಿನ ದಿನಗಳು ಕೆಟ್ಟದಾಗಿ ಕಳೆದವು. ಒಲೆಯಿದ್ದ ಜಾಗದಲ್ಲಿ ಬೋಳು ಗೋಡೆ. ಎರವಲು ತಂದ ಕರೆಂಟಿನ ಹೀಟರ್ ಹಳೆಯ ತಂತಿಗೆ ಹೆಚ್ಚಾಗಿ ಫ್ಯೂಸ್ ಹೋಗುತ್ತಿತ್ತು. ಒತಿಲ್ಯಾ ಕೋಟು ತೊಟ್ಟೇ ಮಲಗುತ್ತಿದ್ದಳು. ಹೊಗೆಯಿಲ್ಲದ ಮನೆಯಲ್ಲಿ ಅವಳ ಕೆಮ್ಮು ಮೊದಲಿಗಿಂತ ಹೆಚ್ಚಾಯಿತು.

"ನನ್ನಿಂದಾನೇ ಆಯ್ತು," ಎಂದ ರೂಫಿನ್ ಒಂದು ಸಂಜೆ.

"ನಿನ್ನಿಂದಲ್ಲ. ನನ್ನ ಎದೆಯಿಂದ."

"ಒಡೆಯದೇ ಇದ್ದಿದ್ರೆ…"

"ಸುಮ್ನಿರೋ ಮುದುಕಾ. ಒಡೆಯದೇ ಇದ್ದಿದ್ರೆ ಮಾಡು ತಲೆ ಮೇಲೆ ಬೀಳ್ತಿತ್ತು ಅಂತ ಆ ಇಂಜಿನಿಯರ್ ಹೇಳಲಿಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಆದರೆ ಮಾಡು ಎಂದು ಬೀಳುತ್ತಿತ್ತೋ ಯಾರಿಗೆ ಗೊತ್ತು. ಇವಳು ತನ್ನ ಅಡಿಗೆಮನೆಯಲ್ಲೇ ಕಣ್ಣು ಮುಚ್ಚಿದ ಮೇಲೆ ಬೀಳುತ್ತಿತ್ತೋ ಏನೋ. ಆ ಯೋಚನೆ ಒಮ್ಮೆ ಹೊಕ್ಕದ್ದು ಅವನನ್ನು ಬಿಡಲಿಲ್ಲ.

ಸಿಕ್ಕಿದ್ದು ಊರಾಚೆಯ ದೊಡ್ಡ ಕಟ್ಟಡದ ಮೇಲಿನ ಮಹಡಿ. ಲಿಫ್ಟ್ ಇಲ್ಲ. ಒತಿಲ್ಯಾಳನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮತ್ತೆ ಇಳಿದದ್ದು ಫೆಬ್ರುವರಿಯಲ್ಲಿ, ಆಂಬುಲೆನ್ಸಿಗೆ. ಆ ಮನೆಯ ನೆಲ ಸಮತಟ್ಟಾಗಿತ್ತು. ಅವಳು ಕೋಣೆಯಿಂದ ಕೋಣೆಗೆ ಹೋಗುವಾಗ ತೂರಾಡುತ್ತಿದ್ದಳು, ಹಡಗಿನಿಂದ ಇಳಿದವರ ಹಾಗೆ. ಗೋಡೆಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿತ್ತು; ಅದನ್ನು ಕಾಯಿಸುತ್ತಿದ್ದುದು ಊರ ಹೊರಗೆ ಇದ್ದಲು ಉರಿಸುವ ಸ್ಥಾವರ. ಕಿಟಕಿಯಿಂದ ಅದರ ಹೊಗೆ ಕಾಣುತ್ತಿತ್ತು. ರೂಫಿನ್ ಪರದೆ ಎಳೆದ.

ಬ್ರೂನೋಗೆ ಊರಿನ ಇನ್ನೊಂದು ತುದಿಯಲ್ಲಿ ಫ್ಲ್ಯಾಟು ಕೊಟ್ಟರು. ಅಲ್ಲಿ ಪಾರಿವಾಳ ಸಾಕುವಂತಿರಲಿಲ್ಲ. ದೂರದ ಊರಿನವನೊಬ್ಬನಿಗೆ ಹಕ್ಕಿಗಳನ್ನೆಲ್ಲ ಕೊಟ್ಟ. ಹೊರಗೆ ಬಿಟ್ಟ ದಿನವೇ ಅವು ಹಳೆಯ ಬೀದಿಗೆ ಹಾರಿ ಬಂದವಂತೆ. ಅಷ್ಟರಲ್ಲಿ ಮಾಡು ಇರಲಿಲ್ಲ. ಇಟ್ಟಿಗೆ ರಾಶಿಯ ಸುತ್ತ ಸುತ್ತಿ, ಚರ್ಚಿನ ಗೋಪುರದ ಮೇಲೆ ಕೂತಿದ್ದನ್ನು ಜನ ನೋಡಿದರು. ಬ್ರೂನೋ ಎರಡು ಸಲ ಬಂದು ಕೂಗಿದ; ಮೂರನೆಯ ಸಲ ಬರಲಿಲ್ಲ. ಇದನ್ನು ರೂಫಿನ್‌ಗೆ ಹೇಳಿದ್ದು ಬ್ರೆಡ್ ಅಂಗಡಿಯ ಹೆಂಗಸು.

ಒತಿಲ್ಯಾ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಕೊನೆಯ ದಿನಗಳಲ್ಲಿ ಅವಳ ಮುಖದ ಮೇಲೆ ಆಕ್ಸಿಜನ್ ಮಾಸ್ಕು. ರೂಫಿನ್ ಕೈ ಹಿಡಿದು ಕೂತಿದ್ದ. ಎಷ್ಟು ತಿಕ್ಕಿದರೂ ಹೋಗದ ಹಳೆಯ ಗಾಯಗಳಲ್ಲಿ ಹೊಕ್ಕ ಇದ್ದಲಿನ ನೀಲಿ ಕಲೆಗಳು ಅವನ ಕೈಯ ಚರ್ಮದೊಳಗಿದ್ದವು.

ಅಂತ್ಯಕ್ರಿಯೆಗೆ ಬ್ರೂನೋ ಬಂದ. ಗಣಿಯವರ ಕಪ್ಪು ಸಮವಸ್ತ್ರ ತೊಟ್ಟು ಹಿಂದೆ, ಗೇಟಿನ ಬಳಿ ನಿಂತಿದ್ದ. ಮಣ್ಣು ಹಾಕಿದ ಮೇಲೆ ರೂಫಿನ್ ಅವನ ಕಡೆ ನಡೆದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಹತ್ತಿರ ಹೋಗುವಷ್ಟರಲ್ಲಿ ಬ್ರೂನೋ ಟೋಪಿ ತಲೆಗಿಟ್ಟು ಗೇಟು ದಾಟಿದ್ದ. ರೂಫಿನ್ ಕೂಗಲಿಲ್ಲ. ರಸ್ತೆಯಲ್ಲಿ ಬ್ರೂನೋನ ಬಸ್ಸು ಬಂತು, ಅವನು ಹತ್ತಿದ. ರೂಫಿನ್‌ನ ಬಸ್ಸು ಎದುರು ದಿಕ್ಕಿನದು. ಅದಕ್ಕಾಗಿ ಅವನು ರಸ್ತೆ ದಾಟಿ ನಿಂತ.