ಶಂಟಿಂಗ್ ಮಾಸ್ತರರ ಕಿವಿ

ತರಬೇತಿ ಕೇಂದ್ರದ ಸಿಮ್ಯುಲೇಟರ್ ಕೋಣೆಯಲ್ಲಿ ಇಂಜಿನ್ನಿನ ಸೀಟಿ ಗೋಡೆಯ ಸ್ಪೀಕರಿನಿಂದ ಬರುತ್ತದೆ. ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. ಹೊಸ ಹುಡುಗ ಹುಡುಗಿಯರು ಇಂಜಿನ್ನಿನಂತೆಯೇ ಕಟ್ಟಿದ ಡಬ್ಬಿಯೊಳಗೆ ಕೂತು, ಪರದೆಯ ಮೇಲಿನ ಗೂಡ್ಸ್ ಗಾಡಿಯನ್ನು ಹಿಮ್ಮುಖವಾಗಿ ತಳ್ಳುವುದನ್ನು ಕಲಿಯುತ್ತಾರೆ. ಹಾಗೆ ತಳ್ಳುವಾಗ ಡ್ರೈವರನಿಗೆ ತುದಿಯ ವ್ಯಾಗನ್ನಿನಾಚೆ ಏನಿದೆಯೆಂದು ಕಾಣುವುದಿಲ್ಲ. ದೂರದಲ್ಲಿ ಹಸಿರು ಬಾವುಟ ಹಿಡಿದು ನಿಂತ ಒಬ್ಬ ಮನುಷ್ಯನೇ ಅವನ ಕಣ್ಣು. ಆ ಮನುಷ್ಯ ಬಾವುಟ ಆಡಿಸಬೇಕು, ಡ್ರೈವರ್ ಸೀಟಿ ಹಾಕಿ ತಿಳಿಯಿತೆನ್ನಬೇಕು, ಆಮೇಲೆ ನಡಿಗೆಯ ವೇಗದಲ್ಲಿ ಗಾಡಿ ಸರಿಯಬೇಕು. ನನ್ನ ಮೇಜಿನ ಮೇಲೊಂದು ಗುಂಡಿಯಿದೆ. ಒತ್ತಿದರೆ ಪರದೆಯಿಂದ ಆ ಮನುಷ್ಯ ಮರೆಯಾಗುತ್ತಾನೆ. ಮರೆಯಾದ ಕ್ಷಣವೇ ಬ್ರೇಕು ಹಾಕಬೇಕು. ಹಲವರು ಹಾಕುವುದಿಲ್ಲ. ಯಾಕೆಂದು ಕೇಳಿದರೆ, "ಮತ್ತೆ ಕಾಣಿಸ್ತಾನೆ ಅಂದ್ಕೊಂಡೆ ಮೇಡಂ" ಎನ್ನುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಹೇಳಿ ಹೇಳಿ ಬೇಸತ್ತಿದ್ದೇನೆ. ಸಂಜೆ ಕೋಣೆಗೆ ಬೀಗ ಹಾಕಿ ಹೊರಬಂದರೂ ಸೀಟಿ ಕಿವಿಯಲ್ಲೇ ಉಳಿದಿರುತ್ತದೆ, ಮತ್ತು ಅದು ನನ್ನನ್ನು ಈಗ ಇಲ್ಲದಿರುವ ಒಂದು ಮನೆಗೆ ಕರೆದೊಯ್ಯುತ್ತದೆ.

ಅದು ರೈಲ್ವೆ ಕಾಲೊನಿಯ ಎರಡು ಕೋಣೆಯ ಕ್ವಾರ್ಟರ್ಸು. ಗೋಡೆಗೆ ಹಳದಿ ಸುಣ್ಣ, ಹಿತ್ತಲಲ್ಲಿ ಅವ್ವ ಬೆಳೆಸಿದ ಪುಂಡಿ ಪಲ್ಲೆಯ ಮಡಿ, ಅದರಾಚೆ ತಂತಿ ಬೇಲಿ, ಬೇಲಿಯಾಚೆ ಯಾರ್ಡು. ವ್ಯಾಗನ್ನುಗಳು ಕೂಡುವಾಗ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ನಮ್ಮಪ್ಪ ಅಲ್ಲಿ ಶಂಟಿಂಗ್ ಮಾಸ್ತರ್, ಡ್ರೈವರನಿಗೆ ಬಾವುಟ ತೋರಿಸಿ ವ್ಯಾಗನ್ನುಗಳನ್ನು ಕೂಡಿಸುವವನು. ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದು ಸೇರಿದವನು. ಪಕ್ಕದ ಮನೆಯ ನರಸಿಂಹಲು ಕಾಕಾ ಅಪ್ಪನ ಕೈಕೆಳಗಿನ ಪಾಯಿಂಟ್ಸ್‌ಮನ್. ಹಳಿ ತಿರುಗಿಸುವುದು, ಕೊಂಡಿ ಹಾಕುವುದು, ನಿಂತ ವ್ಯಾಗನ್ನಿನ ಚಕ್ರಕ್ಕೆ ಕಟ್ಟಿಗೆಯ ಬೆಣೆ ಕೊಡುವುದು ಅವರ ಕೆಲಸ. ಅವರು ಜಹೀರಾಬಾದಿನವರು, ಮನೆಮಾತು ತೆಲುಗಾದರೂ ಕನ್ನಡ ಬರುತ್ತಿತ್ತು. ಇಬ್ಬರೂ ಒಂದೇ ಸರದಿಯಲ್ಲಿ ಹೋಗಿ ಒಂದೇ ಸರದಿಯಲ್ಲಿ ಬರುತ್ತಿದ್ದರು. ಅವರ ಹೆಂಡತಿ ಯಾದಮ್ಮ ಕಾಕು ಮಾಡಿದ ಸಾರು ನಮ್ಮ ಮನೆಗೆ, ನಮ್ಮವ್ವ ಬಡಿದ ರೊಟ್ಟಿ ಅವರ ಮನೆಗೆ. ಎರಡು ಹಿತ್ತಲುಗಳ ನಡುವಿನ ಮೋಟುಗೋಡೆಯ ಮೇಲೆ ಸದಾ ಯಾವುದಾದರೊಂದು ಪಾತ್ರೆ ಇದ್ದೇ ಇರುತ್ತಿತ್ತು.

ಅಪ್ಪನಿಗೆ ಕಿವಿ ಮಂದವಾಗುತ್ತಿರುವುದು ಮೊದಲು ಗೊತ್ತಾದದ್ದು ಅವ್ವನಿಗೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಎದುರು ನಿಂತರೆ ತುಟಿ ನೋಡಿ ಸರಿಯಾಗಿ ಉತ್ತರಿಸುತ್ತಿದ್ದ. ವೈದ್ಯಕೀಯ ತಪಾಸಣೆಯಲ್ಲೂ ಡಾಕ್ಟರ ತುಟಿ ನೋಡಿಯೇ ಪಾಸಾಗಿ ಬಂದೆನೆಂದು ಒಮ್ಮೆ ಅವ್ವನಿಗೆ ಹೇಳಿ ನಕ್ಕಿದ್ದ. ಅವ್ವ ನಗಲಿಲ್ಲ. ಆದರೆ ಯಾರಿಗೂ ಹೇಳಲೂ ಇಲ್ಲ. ಓಣಿಯ ತುಂಬ ಜನ ಅಪ್ಪನನ್ನು ಮಾಸ್ತರ್ ಎಂದೇ ಕರೆಯುತ್ತಿದ್ದರು. ಆ ಹೆಸರು ಹೋದರೆ ಗಂಡ ಕುಸಿಯುತ್ತಾನೆಂಬ ಹೆದರಿಕೆ ಅವಳಿಗೆ. ಮನೆಗೆ ಯಾರಾದರೂ ಬಂದು ಕೂಗಿದರೆ ಅಪ್ಪನ ಅಂಗಿಯ ಚುಂಗು ಎಳೆಯುವುದು ನನ್ನ ಪಾಲಿನ ಕೆಲಸವಾಯಿತು. ಯಾರ್ಡಿನಲ್ಲಿ ಹೇಗೆ ಸಂಭಾಳಿಸುತ್ತಾನೆಂದು ಒಮ್ಮೆ ಕೇಳಿದ್ದೆ. ಡೀಸೆಲ್ ಇಂಜಿನ್ ಹೊರಟರೆ ಹೊಗೆ ಕಾಣುತ್ತದೆ, ಬಳಿ ಬಂದರೆ ಕಾಲಡಿಯ ಜಲ್ಲಿ ನಡುಗುತ್ತದೆ ಎಂದಿದ್ದ. ಅಷ್ಟು ಸಾಕು ಎಂದು ನಾನೂ ನಂಬಿದ್ದೆ.

ನಾನು ಏಳನೆಯ ತರಗತಿಯಲ್ಲಿದ್ದ ಬೇಸಿಗೆಯಲ್ಲಿ ಯಾರ್ಡಿಗೆ ಕರೆಂಟಿನ ಇಂಜಿನ್ನುಗಳು ಬರತೊಡಗಿದವು. ಅವುಗಳಿಗೆ ಹೊಗೆಯಿಲ್ಲ, ಆ ನಡುಕವೂ ಇಲ್ಲ. ಒಂದು ಮಧ್ಯಾಹ್ನ ಅಪ್ಪ ಬುತ್ತಿ ಮರೆತು ಹೋಗಿದ್ದ. ತೆಗೆದುಕೊಂಡು ಹೋದ ನಾನು ಬೇಲಿಯ ಗೇಟಿನ ಹತ್ತಿರ ನಿಂತೆ. ಅಪ್ಪ ನನಗೆ ಬೆನ್ನು ಮಾಡಿ, ಹಿಂದೆ ಸರಿಯುತ್ತಿದ್ದ ಸಿಮೆಂಟಿನ ವ್ಯಾಗನ್ನುಗಳಿಗೆ ಬಾವುಟ ತೋರಿಸುತ್ತ, ತನಗೇ ತಿಳಿಯದಂತೆ ಒಂದೊಂದೇ ಹೆಜ್ಜೆ ಪಕ್ಕದ ಹಳಿಗೆ ಸರಿದ. ಆ ಹಳಿಯ ಮೇಲೆ ಅವನ ಬೆನ್ನ ಹಿಂದಿನಿಂದ ಕರೆಂಟಿನ ಒಂಟಿ ಇಂಜಿನ್ನೊಂದು ಬರುತ್ತಿತ್ತು. ಸೀಟಿ ಹಾಕಿತು. ಮತ್ತೆ ಹಾಕಿತು. ಆಮೇಲೆ ಬಿಡದೆ ಹಾಕಿತು. ನಾನು "ಅಪ್ಪಾ" ಎಂದು ಕಿರುಚಿದೆ. ಅಪ್ಪ ತನ್ನ ಬಾವುಟವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇದ್ದ, ಏನೂ ಅವಸರವಿಲ್ಲದವನ ಹಾಗೆ. ಇಂಜಿನ್ ಅವನ ಬೆನ್ನಿನಿಂದ ಎರಡು ಮಾರು ದೂರದಲ್ಲಿ ಕಿರುಗುಡುತ್ತ ನಿಂತಿತು. ಡ್ರೈವರ್ ಕೆಳಗಿಳಿದು ಬಂದು ಭುಜ ಹಿಡಿದು ಅಲ್ಲಾಡಿಸಿದಾಗಲೇ ಅಪ್ಪ ತಿರುಗಿದ್ದು. ಡ್ರೈವರ್ ಬೈದು ಹೋದ. ನರಸಿಂಹಲು ಕಾಕಾ ಯಾರ್ಡಿನ ಆ ತುದಿಯಲ್ಲಿದ್ದರು, ಅವರಿಗಿದು ಕಾಣಲಿಲ್ಲ.

ಅಪ್ಪ ಗೇಟಿಗೆ ಬಂದು ನನ್ನ ಕೈಯಿಂದ ಬುತ್ತಿ ತೆಗೆದುಕೊಂಡ.

"ಅವ್ವಗ ಹೇಳಬ್ಯಾಡವಾ" ಎಂದ.

ಅವ್ವನಿಗೆ ಹೇಳಲಿಲ್ಲ. ನಾಲ್ಕನೆಯ ದಿನ ಕಾಕಾ ಹಿತ್ತಲಲ್ಲಿ ಸೈಕಲ್ ಒರೆಸುತ್ತಿದ್ದಾಗ ಮೋಟುಗೋಡೆಯ ಬಳಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಟ್ಟೆಯನ್ನು ಹ್ಯಾಂಡಲಿನ ಮೇಲೆ ಹಾಕಿ ಗೋಡೆಯ ಬಳಿ ಬಂದರು.

"ಎಷ್ಟು ದಿನದಿಂದ, ಬಿಡ್ಡಾ?"

"ಎರಡು ವರ್ಷ ಆತ್ರಿ ಕಾಕಾ."

"ನೀ ಹೇಳೀದಿ ಅಂತ ಯಾರ ಮುಂದೂ ಅನಬ್ಯಾಡ. ನಿಮ್ಮ ಅಪ್ಪನ ಮುಂದ ಅಂತೂ ಬ್ಯಾಡೇ ಬ್ಯಾಡ" ಎಂದರು.

ಮರುವಾರ ಅಪ್ಪನನ್ನು ಮತ್ತೆ ಕಿವಿಯ ತಪಾಸಣೆಗೆ ಕರೆದರು. ಈ ಸಲ ಡಾಕ್ಟರು ಬೆನ್ನ ಹಿಂದೆ ನಿಂತು ಮಾತಾಡಿದರಂತೆ. ಅಪ್ಪನಿಗೆ ಯಾರ್ಡು ತಪ್ಪಿ ಸಾಮಾನು ಕೋಣೆಯ ಕೆಲಸ ಬಂತು: ಸರದಿಗೆ ಬಂದವರಿಗೆ ಬಾವುಟ, ಟಾರ್ಚು ಕೊಡುವುದು, ಸಂಜೆ ತಿರುಗಿ ಇಸಿದುಕೊಳ್ಳುವುದು. ಕೆಲ ತಿಂಗಳಲ್ಲಿ ಮಾಸ್ತರರ ಜಾಗಕ್ಕೆ ನರಸಿಂಹಲು ಕಾಕಾ ಬಂದರು. ಆ ದಿನ ಅವರೇ ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತಾಗ ಅಪ್ಪ ಎದ್ದು ನಿಂತು ಕೇಳಿದ:

"ನನ್ನ ಜಾಗಾ ಬೇಕಾಗಿತ್ತೇನೋ ನಿನಗ? ನನಗ ಕೇಳಿದ್ರ ನಾನಽ ಬಿಟ್ಟು ಕೊಡ್ತಿದ್ನಲ್ಲೋ."

ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದೆ. ಕಾಕಾ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಮಾತ್ರ. ಆಮೇಲೆ ಅಪ್ಪನಿಗೆ ತುಟಿ ಚೆನ್ನಾಗಿ ಕಾಣುವ ಹಾಗೆ ಮುಖ ಎತ್ತಿ, "ಹೌದು ಮಾಸ್ತರ್. ನಾನೇ ಸಾಹೇಬರಿಗೆ ಹೇಳೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು.

ಆಮೇಲೆ ಗೋಡೆಯ ಮೇಲೆ ಪಾತ್ರೆಗಳು ಕಾಣಲಿಲ್ಲ. ಯಾದಮ್ಮ ಕಾಕು ಒಂದೆರಡು ಸಲ ಸಾರು ತಂದಿಟ್ಟರು. ಅಪ್ಪ ಮುಟ್ಟದ್ದರಿಂದ ಅವ್ವ ಪಾತ್ರೆ ತೊಳೆದು ಮರಳಿಸಿದಳು. ನಿವೃತ್ತಿಯಾಗುವವರೆಗೆ ಅಪ್ಪ ಪ್ರತಿದಿನ ಸಾಮಾನು ಕೋಣೆಯ ಕಿಟಕಿಯಲ್ಲಿ ಕೂತು, ಪ್ರತಿದಿನ ಕಾಕಾನ ಕೈಗೆ ಬಾವುಟ ಕೊಟ್ಟ, ಒಂದು ಮಾತೂ ಆಡದೆ. ನಾವು ನಾರಾಯಣಗೂಡದ ಬಾಡಿಗೆ ಮನೆಗೆ ಬಂದೆವು. ನಾನು ಓದಿ, ಪರೀಕ್ಷೆ ಬರೆದು ಗೂಡ್ಸ್ ಗಾಡಿ ಓಡಿಸುವ ಲೋಕೋ ಪೈಲಟ್ ಆದೆ, ಆಮೇಲೆ ಕಲಿಸಲು ತರಬೇತಿ ಕೇಂದ್ರಕ್ಕೆ ಬಂದೆ. ಅವ್ವ ತೀರಿಕೊಂಡಳು. ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಎದುರು ಕೂತಿದ್ದೇನೆ. ಅವನು ನನ್ನ ತುಟಿಯನ್ನೇ ನೋಡುತ್ತ ಕಾಯುತ್ತಿದ್ದ. ನಾನು ಚಹಾ ಮಾಡಲೇ ಎಂದು ಕೇಳಿ ಎದ್ದುಬಿಡುತ್ತಿದ್ದೆ.

ಕಾಕಾ ತೀರಿಹೋದ ಸುದ್ದಿ ನಮಗೆ ಬಂದದ್ದು ಎಲ್ಲ ಮುಗಿದ ಮೇಲೆ. ಅಪ್ಪ ಕೇಳಿ, "ಹೌದಾ" ಎಂದಷ್ಟೇ ಅಂದ. ಅಂದು ಸಂಜೆ ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಮುಖ ಎದುರಿಟ್ಟುಕೊಂಡು ಹೇಳುವ ಧೈರ್ಯ ಆಗಲೂ ನನಗೆ ಬರಲಿಲ್ಲ. ಕಾಕಾಗೆ ಹೇಳಿದವಳು ನಾನು, ನಾನು ಹೇಳುವವರೆಗೆ ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದಿದ್ದೆ. ಅಪ್ಪ ಚಷ್ಮಾ ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿದ. ಬೈಯುತ್ತಾನೆಂದು ಕಾದೆ.

"ಅಂವ ಇದ್ದಾಗ ಹೇಳಬೇಕಿತ್ತಲ್ಲವಾ" ಎಂದ. "ಈಗ ನಾ ಏನ್ ಮಾಡ್ಲಿ?"

ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿ ನಿಂತಿದ್ದ. ಎರಡು ಬಸ್ಸು ಬದಲಿಸಿ ಯಾದಮ್ಮ ಕಾಕು ಇದ್ದ ಮನೆಗೆ ಹೋದೆವು. ಅಪ್ಪ ನೆಲದ ಮೇಲೆಯೇ ಕೂತ. ಕಾಕು ಸೆರಗು ಬಾಯಿಗೆ ಹಿಡಿದುಕೊಂಡು, ತಲೆ ತಗ್ಗಿಸಿ, ಅಳುತ್ತ ಮಾತಾಡುತ್ತಲೇ ಇದ್ದರು. ಅಪ್ಪನಿಗೆ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ಆದರೂ ಮಧ್ಯಾಹ್ನ ತಿರುಗುವವರೆಗೆ ತಲೆ ಆಡಿಸುತ್ತ ಕೂತಿದ್ದ. ಏಳುವಾಗ ಅವರಿಗೆ ಕೈಮುಗಿದ.

ಬಸ್ಸಿನಲ್ಲಿ ನನ್ನ ಕಡೆ ತಿರುಗಿ ಕೇಳಿದ: "ಕಡೀಕ ಏನೋ ಅಂದ್ಳಲ್ಲ ಯಾದಮ್ಮ, ಏನದು?"

"ಉಂಡು ಹೋಗ್ರಿ ಅಂದ್ರಪ್ಪಾ."

"ಮತ್ತ ನೀ ಏನಂದಿ?"

"ತಡ ಆಗ್ತದ, ಬ್ಯಾಡ್ರಿ ಅಂದೆ."

ಅಪ್ಪ, "ಉಣಬೇಕಿತ್ತವಾ ನಾವು" ಎಂದ.

ಬಸ್ಸು ಹಳೆಯ ಕಾಲೊನಿಯ ದಾರಿಯಲ್ಲೇ ಹೋಗುತ್ತಿತ್ತು. ಕ್ವಾರ್ಟರ್ಸುಗಳನ್ನು ಕೆಡವಿ ಆಗಲೇ ವರ್ಷಗಳಾಗಿದ್ದವು. ಅಲ್ಲೆಲ್ಲ ತಗಡಿನ ಬೇಲಿ, ಅದರ ಮೇಲೆ ಯಾವುದೋ ಅಪಾರ್ಟ್‌ಮೆಂಟಿನ ಚಿತ್ರ. ಇಬ್ಬರೂ ಕಿಟಕಿಯಿಂದ ನೋಡಿದೆವು. ನಮ್ಮ ಮನೆ ಎಲ್ಲಿತ್ತು, ಅವರ ಮನೆ ಎಲ್ಲಿತ್ತು ಎಂದು ಇಬ್ಬರಿಗೂ ಗುರುತು ಸಿಗಲಿಲ್ಲ.