ಕಾಶಿಯ ಹೊಟ್ಟೆಗೆ ಕಿವಿಗೊಟ್ಟ ಮಾಬುಬಿ

ತಿಕೋಟಾದಲ್ಲಿ ಮಕ್ಕಳಿಗೆ ಹೊಟ್ಟೆನೋವಾದರೆ ಮೊದಲು ಕರೆದೊಯ್ಯುತ್ತಿದ್ದುದು ಮಾಬುಬಿಯ ಮನೆಯ ಕಟ್ಟೆಗೆ. ಬಬಲೇಶ್ವರದಲ್ಲಿ ಹುಟ್ಟಿ, ಆಡಿನ ಮಾಂಸ ಮಾರುವ ದಾವಲಸಾಬನನ್ನು ಲಗ್ನವಾಗಿ ಬಂದವಳು. ಹೊಟ್ಟೆ ತಿಕ್ಕುವುದನ್ನು ತಾಯಿಯಿಂದ ಕಲಿತಿದ್ದಳು. ಒಳಗೆ ಕರುಳು ಹೇಗಿರುತ್ತದೆ ಎಂಬುದನ್ನು ಗಂಡನ ಅಂಗಡಿಯಿಂದ. ಬೋಟಿ ತೊಳೆಯಲು ಕೂತರೆ ಬೇರೆ ಹೆಂಗಸರು ಮೂಗಿಗೆ ಸೆರಗು ಹಿಡಿದು ಮುಗಿಸಿ ಏಳುತ್ತಿದ್ದರು. ಇವಳು ಕರುಳನ್ನು ಬಿಡಿಸಿ, ಎಲ್ಲಿ ತಿರುವು, ಎಲ್ಲಿಂದ ಆಚೆಗೆ ಹಿಕ್ಕೆ ಗಟ್ಟಿಯಾಗುತ್ತದೆ ಎಂದು ನೋಡುತ್ತ ಕೂತುಬಿಡುವಳು.

"ಬೋಟಿ ತೊಳ್ಯಾಕತ್ತೀಯೋ, ಓದಾಕತ್ತೀಯೋ?" ಎಂದು ದಾವಲಸಾಬ ಒಳಗಿಂದ ಕೇಳುತ್ತಿದ್ದ.

"ಓದಾಕ ನನಗ ಎಲ್ಲಿ ಬರತೈತಿ. ನೋಡಾಕ ಬರತೈತಿ, ನೋಡಾಕತ್ತೇನಿ."

ಮಗುವಿನ ಬಟ್ಟಿ ಜಾರಿದರೆ, ಅಂದರೆ ಹೊಕ್ಕಳು ತನ್ನ ಜಾಗ ಬಿಟ್ಟು ಸರಿದಿದೆ ಎನ್ನಿಸಿದರೆ, ಔಡಲ ಎಣ್ಣೆ ಬೆಚ್ಚಗೆ ಮಾಡಿ ಸುತ್ತ ತಿಕ್ಕಿ ಕೂಡಿಸುತ್ತಿದ್ದಳು. ಆಮೇಲೆ ಹೊಟ್ಟೆಯಲ್ಲಿ ಭಾರ ಬೇಕು, ಇಲ್ಲವಾದರೆ ಬಟ್ಟಿ ಮತ್ತೆ ಜಾರುತ್ತದೆ ಎಂಬುದು ತಾಯಿಯ ಮಾತು. ಅದಕ್ಕೇ ಎದ್ದ ಮಗುವಿಗೆ ಒಂದು ಬಟ್ಟಲು ಹಾಲು, ಅದರಲ್ಲಿ ದೊಡ್ಡ ಬೆಲ್ಲದ ಹೆಂಟೆ. ಅದನ್ನು ಕುಡಿಸದೆ ಯಾವ ಮಗುವನ್ನೂ ಕಟ್ಟೆ ಇಳಿಸಿದವಳಲ್ಲ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಎಲ್ಲರಿಗಿಂತ ಹೆಚ್ಚು ಆ ಹಾಲು ಕುಡಿದವಳು ಹಿಟ್ಟಿನ ಗಿರಣಿಯ ಖಂಡಪ್ಪನ ಮಗಳು ಕಾಶಿ. ಒಂಬತ್ತು ವರ್ಷದವಳು, ನೋಡಿದರೆ ಆರರವಳ ಹಾಗೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ನಿಲ್ಲುತ್ತಿತ್ತು. ಜಂತಿನ ಔಷಧ ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಮಾಬುಬಿ ತಿಕ್ಕಿದಾಗ ಹಗುರಾಗುವುದು; ಸಾಲೆಗೆ ಹೋಗಿ ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬರುವಳು.

ಖಂಡಪ್ಪನಿಗೆ ತಾಳ್ಮೆ ತೀರಿತು. "ಸಾಲಿ ಅಂದ್ರ ಇಕಿಗೆ ಹೊಟ್ಟಿನೋವು. ಮಾಬಕ್ಕನ ಹಾಲು ಅಂದ್ರ ನೋವು ಇಲ್ಲ. ಎಲ್ಲಾ ನಾಟಕ. ಸೋಮವಾರದಿಂದ ಸಾಲಿ ಬ್ಯಾಡ, ಗಿರಣ್ಯಾಗ ಚೀಲ ಹಿಡಕೊಂಡ ಕುಂದರ್ಲಿ."

ಹುಡುಗಿ ಮಾಬುಬಿಯ ಎದುರು ಅಳಲಿಲ್ಲ. "ಆಯಿ, ನಾ ಸುಳ್ಳ ಹೇಳೂದಿಲ್ಲ. ನೀನರ ಹೇಳ ಅಪ್ಪಗ," ಎಂದಳು.

ಏನೆಂದು ಹೇಳುವುದು? ಕೈಗೆ ಬಟ್ಟಿ ಸರಿಯಾಗಿಯೇ ಕೂತಂತೆ ಸಿಗುತ್ತಿತ್ತು. ಆ ದಿನ ಮಾಬುಬಿ ಹಾಲು ಕುಡಿಸಿದ ಮೇಲೆ ಹುಡುಗಿಯನ್ನು ಸಾಲೆಗೆ ಕಳಿಸದೆ ಅಲ್ಲೇ ಮಲಗಿಸಿ, ಹೊಟ್ಟೆಯ ಮೇಲೆ ಕಿವಿಯಿಟ್ಟಳು. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಗುಡುಗುಡು ಶುರುವಾಯಿತು. ನೋಡನೋಡುತ್ತ ಹೊಟ್ಟೆ ಬಿಗಿದು, ಬೆರಳಿನಿಂದ ಬಡಿದರೆ ಚರ್ಮದ ಹಲಗೆಯ ಹಾಗೆ ಸದ್ದು ಮಾಡಿತು. ಕಾಶಿ ಮುಖ ಕಿವಿಚಿಕೊಂಡು ಮಗ್ಗುಲಾದಳು. ಬೇರೆ ಮಕ್ಕಳ ಹೊಟ್ಟೆ ಹಾಲು ಬಿದ್ದ ಮೇಲೆ ಸುಮ್ಮನಾಗುತ್ತದೆ. ಇವಳದು ಆಗಲೇ ಮಾತಾಡಲು ಹಚ್ಚಿತ್ತು.

ಮರುದಿನ ತಿಕ್ಕಿದಳು, ಬಟ್ಟಲು ಕೊಡಲಿಲ್ಲ. ತಾಯಿಯ ಮಾತು ಮೀರಿದ್ದು ಅದೇ ಮೊದಲು. ಕಾಶಿ ಸಾಲೆಗೆ ಹೋದವಳು ಸಂಜೆಯ ಗಂಟೆ ಬಾರಿಸಿದ ಮೇಲೇ ಮನೆಗೆ ಬಂದಳು.

ಯಾಕೆ ಹೀಗೆ? ಅದು ತಿಳಿಯುವವರೆಗೆ ಮಾಬುಬಿಗೆ ಊಟ ರುಚಿಸಲಿಲ್ಲ. ಕಾಶಿಯ ತಾಯಿ ಗುರುಬಸವ್ವನನ್ನು ಹೊರಡಿಸಿ, ಹುಡುಗಿಯನ್ನು ಕರೆದುಕೊಂಡು ಬಿಜಾಪುರದ ಬಸ್ಸು ಹತ್ತಿದಳು. ಇಬ್ರಾಹಿಂಪುರದ ರೈಲ್ವೆ ಹಳಿಯ ಹತ್ತಿರ ಗುರುಪಾದಯ್ಯ ಡಾಕ್ಟರರ ದವಾಖಾನೆ. ಅವರು ಹೊಟ್ಟೆ ಬಡಿದು ನೋಡಿದರು, ಹೊಕ್ಕಳ ಪಕ್ಕದ ಹಳೆಯ ಗಾಯದ ಗುರುತಿನ ಮೇಲೆ ಬೆರಳಿಟ್ಟರು.

"ಇದೇನವ್ವಾ?"

"ಕೂಸಿದ್ದಾಗ ಕಳ್ಳು ತಿರುವಿ ಬಿದ್ದಿತ್ತರಿ. ಮಿರಜದಾಗ ಆಪರೇಶನ್ ಆತು," ಎಂದಳು ಗುರುಬಸವ್ವ.

ತಿರುಚಿದ ಕರುಳಿಗಾಗಿ ಕೊಯ್ದ ಆ ಗುರುತಿನ ಸುತ್ತಲೇ ಮಾಬುಬಿ ಇಷ್ಟು ದಿನ ಎಣ್ಣೆ ಹಚ್ಚಿದ್ದಳು. ನೋವಾದೀತೆಂದು ಅದನ್ನು ಮುಟ್ಟುತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹಾಲು-ಬೆಲ್ಲದ ಸಂಗತಿಯನ್ನು ಈಗ ಬಿಡಿಸಿ ಹೇಳಿದಳು.

ಡಾಕ್ಟರರು ಹೇಳಿದರು: "ಎಲ್ಲಾರ ಹೊಟ್ಯಾಗೂ ಕಣ್ಣಿಗೆ ಕಾಣಲಾರದ ಕ್ರಿಮಿ ಇರತಾವು. ಬಾಳಷ್ಟು ಕೆಳಗಿನ ದೊಡ್ಡ ಕಳ್ಳಿನಾಗ. ಅಲ್ಲಿದ್ರ ತಂಟೆ ಇಲ್ಲ. ಮ್ಯಾಲಿನ ಸಣ್ಣ ಕಳ್ಳಿನಾಗ, ಹಿಂಗ ಹೊಲಿಗಿ ಹಾಕಿದಲ್ಲಿ ಮಡಿಕಿ ಬಿದ್ದು ಕೂಳು ನಿಂತ್ರ, ಅಲ್ಲೂ ಬೆಳೀತಾವು. ಕೂಸು ಉಣ್ಣೂದಕಿಂತ ಮೊದಲ ಅವು ಉಣ್ಣತಾವು. ಹಾಲು, ಬೆಲ್ಲ ಅಂದ್ರ ಅವಕ್ಕ ಹಬ್ಬ. ಗ್ಯಾಸ್ ಆಗಿ ಹೊಟ್ಟಿ ಉಬ್ಬತೈತಿ."

"ಖರೇರಿ. ಆಡಿನ ಬೋಟಿನೂ ಹಂಗ. ಮ್ಯಾಲಿಂದು ತೊಳ್ಯಾಕ ಹಗುರ, ನಾತ ಎಲ್ಲಾ ಕೆಳಗ."

ಗುರುಬಸವ್ವ ಶಿವ ಶಿವ ಎಂದು ಸೆರಗು ಬಾಯಿಗೆ ಹಚ್ಚಿಕೊಂಡಳು. "ನನ್ನ ಮಗಳ ಹೊಟ್ಟಿ ನಿಮ್ಮ ಆಡಿನ ಹೊಟ್ಟಿ ಅಲ್ಲ ಬೇ."

ಡಾಕ್ಟರರು ನಕ್ಕರು. "ಆಕಿ ಹೇಳೂದು ತಪ್ಪಲ್ಲವ್ವಾ. ಒಳಗ ಇಣಿಕಿ ನೋಡಾಕ ನನ್ನ ಕಡೆ ಮಷೀನ್ ಇಲ್ಲ. ಅಂದಾಜಿನ ಮ್ಯಾಲ ಗುಳಿಗಿ ಕೊಡತೇನಿ. ಹಾಲು-ಬೆಲ್ಲ ಬಿಡಸ್ರಿ. ಗುಳಿಗಿ ಹತ್ತಿ ಗುಣಾ ಆದ್ರ ನನ್ನ ಅಂದಾಜು ಖರೆ. ಗಾಯದ ಜಾಗ ಹಂಗ ಇರತೈತಿ, ನೋವು ಮತ್ತ ಮರಳಬಹುದು. ಆವಾಗ ತಡಾ ಮಾಡಬ್ಯಾಡ್ರಿ."

ಊರಿಗೆ ಬಂದವಳೇ ಮಾಬುಬಿ ಗಿರಣಿಗೆ ಹೋದಳು. ಕ್ರಿಮಿಯ ಮಾತು ಕೇಳಿ ಖಂಡಪ್ಪ ನಕ್ಕುಬಿಟ್ಟ. "ಕಾಣಲಾರದ ಹುಳಾನ ನೀ ಹೆಂಗ ನೋಡಿದಿ ಮಾಬಕ್ಕ?"

ಅವಳು ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ತೋರಿಸಿದಳು. "ಇದನ್ನ ದಿನಾ ಯಾಕ ಝಾಡಿಸಿ ಕೊಡವ್ತಿ ನೀ?"

"ಬಟ್ಟಿ ಮಡಿಕ್ಯಾಗ ಹಳೆ ಹಿಟ್ಟು ಕುಂದರತೈತಿ. ಹುಳಾ ಆಗತಾವು. ಹೊಸಾ ಹಿಟ್ಟೂ ಕೆಡತೈತಿ."

"ನಿನ್ನ ಮಗಳ ಕಳ್ಳಿನಾಗೂ ಹೊಲಿಗಿ ಹಾಕಿದ ಜಾಗದಾಗ ಒಂದು ಮಡಿಕಿ ಬಿದ್ದೈತಿ ಅಂತಾರ ಡಾಕ್ಟರ್. ನಾ ಅದರಾಗ ದಿನಾ ಹಾಲು ಸುರದೇನಿ. ಅಕಿ ಸುಳ್ಳ ಹೇಳಿಲ್ಲೋ ಖಂಡಪ್ಪ."

ಅವನು ತೋಳನ್ನು ಕೈಯಲ್ಲಿ ಹಿಡಿದು ಮಡಿಕೆ ಬಿಡಿಸಿ ನೋಡಿದ. ಸೋಮವಾರ ಕಾಶಿಯ ಪಾಟಿಚೀಲವನ್ನು ತಾನೇ ಅವಳ ಹೆಗಲಿಗೆ ಹಾಕಿದನಂತೆ. ಗುರುಬಸವ್ವ ಬಂದು ಹೇಳಿದಳು.

ಗುಳಿಗೆ ಹತ್ತಿತು. ಕಾಶಿಯ ಹೊಟ್ಟೆ ಇಳಿಯಿತು, ಕೆನ್ನೆಯಲ್ಲಿ ಸ್ವಲ್ಪ ಮಾಂಸ ಕೂತಿತು. ಬೇರೆ ಮಕ್ಕಳಿಗೆ ಮಾಬುಬಿ ಬಟ್ಟಲು ಕೊಡುವುದನ್ನು ಬಿಡಲಿಲ್ಲ. ಆದರೆ ಕೊಟ್ಟ ಮೇಲೆ ಕಟ್ಟೆಯ ಮೇಲೇ ಕೂಡಿಸಿಕೊಂಡು ಕಿವಿಯಿಟ್ಟು ಕೇಳುವಳು, ಮೈಮೇಲೆ ಹಳೆಯ ಗಾಯವಿದೆಯೇ ಎಂದು ತಾಯಂದಿರನ್ನು ಕೇಳುವಳು. ಬೋಟಿಯನ್ನು ಬಿಸಿಲಿಗೆ ಹಿಡಿದು ಆ ಕ್ರಿಮಿಗಳನ್ನು ಹುಡುಕಿದ್ದೂ ಉಂಟು, ಏನೂ ಕಾಣಲಿಲ್ಲ.

ಮರುವರ್ಷ, ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ಸುಗ್ಗಿಯಲ್ಲಿ, ಒಂದು ಬೆಳಿಗ್ಗೆ ಗಿರಣಿಗೆ ಬೀಗ. ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು ಮಾಬುಬಿಯ ಕಟ್ಟೆಗೆ ಬಂದು ಕೂತರು.

"ಖಂಡಪ್ಪ ಎಲ್ಲಿ ಹೋಗ್ಯಾನ ಬೇ?"

"ಮೊದಲನೇ ಬಸ್ಸಿಗೆ ಕಾಶೀನ್ನ ಕರಕೊಂಡು ಬಿಜಾಪುರಕ್ಕ ಹೋಗ್ಯಾನ. ಮಗಳು ಹೊಟ್ಟಿ ನೋಯಾಕತ್ತೈತಿ ಅಂದ್ಳಂತ," ಎಂದು ಮಾಬುಬಿ ಬುಟ್ಟಿಗಳನ್ನು ನೆರಳಿಗೆ ಸರಿಸಿದಳು.