ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

ಮನೆಗೆ ಕಂಪ್ಯೂಟರ್ ಬಂದು ಒಂದು ವಾರವೂ ಆಗಿರಲಿಲ್ಲ, ಅದು ನನ್ನನ್ನು ಕಚ್ಚಿತು. ಅದಕ್ಕೆ ಬೇರೆ ಮಾತು ನನಗೆ ಹೊಳೆಯುವುದಿಲ್ಲ. ಬರಿಗಾಲಲ್ಲಿ ನಿಂತು ಪೆಟ್ಟಿಗೆಯ ಹಿಂದಿನ ತಗಡನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋಗಿದ್ದೆ. ಬೆರಳಿನಿಂದ ಮೊಳಕೈವರೆಗೆ ಜುಂ ಎಂದಿತು. ಬಟ್ಟೆ ಬಿಸಾಡಿ ಓಡಿ ಬಂದವಳು ಸಂಜೆ ನಮ್ಮವರು ಬರುವವರೆಗೂ ಆ ಕೋಣೆಗೆ ಕಾಲಿಡಲಿಲ್ಲ.

"ಅದೇನ್ ಹಾವೇನ, ಕಚ್ಚಾಕ?" ಎಂದು ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಅವರ ಕೈ ಹಿಡಿದೆಳೆದು ಅದೇ ತಗಡಿನ ಮೇಲೆ ಇಟ್ಟೆ. ಮರುದಿನವೇ ವೈರಿಂಗ್ ಮಾಡುವವನು ಬಂದ.

"ಮನಿ ಹಳೇದೈತ್ರಿ, ಅರ್ಥಿಂಗ್ ಇಲ್ಲ" ಎಂದು ಅವನು ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಒಂದು ಕೊಳವೆ ಹೂತು, ಅದರಿಂದ ಕೋಣೆಯವರೆಗೆ ತಂತಿ ಎಳೆದ. ಪೆಟ್ಟಿಗೆಯಲ್ಲಿ ಸೋರಿದ ಕರೆಂಟು ಈ ದಾರಿಯಲ್ಲಿ ನೆಲಕ್ಕೆ ಇಳಿದು ಹೋಗುತ್ತದಂತೆ. ಹೋಗುವಾಗ ಹೇಳಿದ: "ಬ್ಯಾಸಗ್ಯಾಗ ದಿನಾ ಒಂದು ಕೊಡ ನೀರ ಹಾಕ್ರಿ ಅಕ್ಕಾರ. ಮಣ್ಣ ಒಣಗಿದ್ರ ಮತ್ತ ಕಚ್ಚತೈತಿ. ಯಾರಿಗರ ಕರೆಂಟ್ ಹಿಡಕೊಂಡ್ರ ಕೈಲೆ ಮುಟ್ಟಬ್ಯಾಡ್ರಿ, ಕಟಗೀಲೆ ಹೊಡದ ಬಿಡಸ್ರಿ." ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯವರೂ ಇದನ್ನು ಕೇಳಿಸಿಕೊಂಡರು.

ನಮ್ಮ ಓಣಿಗೆ ನಳ ಬರುತ್ತಿದ್ದುದು ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಅದೂ ದೇವರ ಇಚ್ಛೆ. ನಳ ಬಂದ ದಿನ ಬ್ಯಾರೆಲ್ಲು, ಹಂಡೆ, ಕೊಡ, ಕಡೆಗೆ ಹಾಲಿನ ಪಾತ್ರೆಯನ್ನೂ ತುಂಬಿಸಿಡುವ ಊರಿನಲ್ಲಿ ಕಂಪ್ಯೂಟರಿಗೆ ದಿನಾ ಒಂದು ಕೊಡ ನೀರು ಅಂದರೆ ಯಾರಿಗಾದರೂ ಸಿಟ್ಟು ಬರಬೇಕಾದ್ದೇ. ಅತ್ತೆಯವರು ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯವರು. "ಮಂದಿಗೆ ಕುಡಿಯಾಕ ನೀರಿಲ್ಲ, ಈ ಮಾರಾಯಗ ದಿನಾ ಕೊಡ ಬೇಕಂತ!" ಎಂದು ಗೊಣಗುತ್ತಲೇ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲವನ್ನೂ ಕೂಡಿಸಿ ಗುಂಡಿಗೆ ಸುರಿಯುತ್ತಿದ್ದರು.

ಕಂಪ್ಯೂಟರ್ ಬಿಡುವಂತಿರಲಿಲ್ಲ. ಧಾರವಾಡದ ಕಾಲೇಜು ಹುಡುಗರ ಪ್ರಬಂಧಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡುತ್ತಿದ್ದೆ. ನಾನಾಗಿ ಹಟ ಹಿಡಿದು ತರಿಸಿಕೊಂಡದ್ದು ಅದು. ಹೆದರಿಕೆ ಎಂದು ಹೇಳಿ ವಾಪಸು ಕಳಿಸಿದರೆ ನನ್ನ ಮಾನ ಏನಾಗಬೇಕು? ಹಾಗಾಗಿ ಹೆದರಿಕೊಂಡೇ ಅದರ ಸೇವೆ ಮಾಡಿದೆ. ಶನಿವಾರ ಸಂಜೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತದ್ದು ಖರೆಯೇ ಎಂದು ಇನ್ನೊಮ್ಮೆ ನೋಡಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕಟ್ಟಿಗೆಯ ಮಣೆಯ ಮೇಲೆ ನಿಲ್ಲುತ್ತಿದ್ದೆ. ಬಣ್ಣ ಹಚ್ಚುವ ಹೊಸ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯುವುದು. ಕೀಬೋರ್ಡ್ ಬೋರಲು ಹಾಕಿ ಬಡಿದರೆ ಚುರುಮುರಿ, ಶೇಂಗಾದ ಸಿಪ್ಪೆ, ನಮ್ಮವರು ತಿಂದ ಫೇಡೆಯ ಪುಡಿ ಉದುರುತ್ತಿದ್ದವು. ಮೌಸಿನ ಹೊಟ್ಟೆ ಬಿಚ್ಚಿ ಗುಂಡು ತೆಗೆದರೆ ಒಳಗಿನ ಗಾಲಿಗಳಿಗೆ ಮೇಣದಂಥ ಕೊಳೆ ಸುತ್ತಿಕೊಂಡಿರುತ್ತಿತ್ತು. ಅದನ್ನು ಉಗುರಿನಿಂದ ಕೆರೆಯುವಾಗಲೂ ಎದೆ ಡವಡವ. ಮೌಸಿನಲ್ಲಿ ಎಂಥ ಕರೆಂಟು ಎಂದು ನಮ್ಮವರು ನಗುತ್ತಿದ್ದರು. ಹೆದರಿದವಳಿಗೆ ಲೆಕ್ಕ ಹೇಳಿ ಏನುಪಯೋಗ?

ಚಪ್ಪಲಿ ಹಾಕಿಕೊಂಡು ಒಳಗೆ ಓಡಾಡುವುದು ಅತ್ತೆಯವರಿಗೆ ಸರಿಬರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲೇ ದೇವರ ಜಗುಲಿ. "ನಿನ್ನ ಜೀವಕ್ಕ ಅಷ್ಟ ಅಂಜಿಕಿ ಇದ್ರ ಯಾಕ ಮುಟ್ಟಬೇಕ ಅದನ್ನ?" ಎನ್ನುತ್ತಿದ್ದರು. ಅವರಿಗೋ ಅಂಜಿಕೆಯ ಸುಳಿವೇ ಇರಲಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಕೈ ಹಸಿಯಿರುವಾಗಲೇ ಬರಿಗಾಲಲ್ಲಿ ಬಂದು ಕಂಪ್ಯೂಟರಿಗೆ ವಿಭೂತಿ ಹಚ್ಚುವುದು. ಅದೂ ಮುಂದೆ ಅಲ್ಲ, ಹಿಂದಿನ ತಗಡಿಗೆ. ಹಚ್ಚಿ ಕೈ ತೆಗೆಯುವುದೂ ಇಲ್ಲ, ಕಣ್ಣು ಮುಚ್ಚಿ ಹಾಗೆಯೇ ಇಟ್ಟುಕೊಂಡು ನಿಲ್ಲುವುದು. ಅವರು ಬರುವ ಮುಂಚೆಯೇ ಎದ್ದು ಪ್ಲಗ್ ಕಿತ್ತಿಡಲು ನೋಡಿದೆ. ಅವರೇ ಸಿಕ್ಕಿಸಿ ಸ್ವಿಚ್ ಹಾಕಿದರು.

"ಅತ್ತೀ, ಬಂದ್ ಇದ್ದಾಗ ಪೂಜಿ ಮಾಡ್ರಿ, ಕೈ ಮುಗೀತೇನಿ."

"ದೀಪ ಹಚ್ಚದ ಎಂಥಾ ಪೂಜಿ? ನೀ ಹೋಗ, ಪಲ್ಯಾ ನೋಡು."

ನಾನು ಆಗ ಐದು ತಿಂಗಳ ಬಸುರಿ. ಅಂಜಿಕೆ ದುಪ್ಪಟ್ಟಾಗಿತ್ತು. ಅತ್ತೆಯವರು ನೆಲಕ್ಕೆ ಬಿದ್ದಂತೆ ಕನಸು ಬಿದ್ದು ಎದ್ದು ಕೂರುತ್ತಿದ್ದೆ. ನಮ್ಮವರಿಗೆ ಹೇಳಿದರೆ, "ಅವ್ವಗ ಯಾರ್ ಹೇಳಬೇಕ?" ಎಂದು ಜಾರಿಕೊಂಡರು.

ಆ ಬೇಸಿಗೆಯಲ್ಲಿ ನಳ ಬರಲೇ ಇಲ್ಲ. ಟ್ಯಾಂಕರು ಬಂದರೂ ಅರ್ಧ ಓಣಿಗೆ ಮುಗಿದುಹೋಗುತ್ತಿತ್ತು. ಅಕ್ಕಿ ತೊಳೆದ ನೀರಿನಲ್ಲೇ ಪಾತ್ರೆ ತಿಕ್ಕುವ ಪರಿಸ್ಥಿತಿ. ಹಿತ್ತಲ ಗುಂಡಿಯ ಮಣ್ಣು ಬಿರುಕು ಬಿಟ್ಟಿತು. ಒಂದು ಚರಿಗೆಯಾದರೂ ಹಾಕೋಣವೆಂದು ಬ್ಯಾರೆಲ್ಲಿನ ಮುಚ್ಚಳ ತೆಗೆದೆ. ಅತ್ತೆಯವರು ಚರಿಗೆ ಕಸಿದುಕೊಂಡರು. "ಬಸುರಿ ಹೆಂಗಸ, ನಾಳೆ ಕುಡಿಯಾಕ ಏನ್ ಮಾಡ್ತಿ?"

ಮರುದಿನ ಬೆಳಿಗ್ಗೆ ಚಪಾತಿ ಲಟ್ಟಿಸುತ್ತಿದ್ದೆ. ಕೋಣೆಯಿಂದ "ಹಾ" ಎಂಬ ಸಣ್ಣ ದನಿ ಕೇಳಿತು. ಬಗ್ಗಿ ನೋಡಿದರೆ ಅತ್ತೆಯವರು ಕಂಪ್ಯೂಟರಿನ ಹಿಂದೆ ನಿಂತಿದ್ದಾರೆ. ಕೈ ತಗಡಿನ ಮೇಲೆ, ಕಣ್ಣು ಬಿಗಿಯಾಗಿ ಮುಚ್ಚಿದೆ, ರಟ್ಟೆ ನಡುಗುತ್ತಿದೆ. ಕರೆದೆ. ಓಗೊಡಲಿಲ್ಲ. ಸ್ವಿಚ್ಚು ಅವರ ಆಚೆ ಗೋಡೆಯಲ್ಲಿತ್ತು. ಹೆದರಿಕೆಯಲ್ಲಿ ನನ್ನ ಬಾಯಿಂದ ಎಂಥ ಕೂಗು ಬಂತೋ ನೆನಪಿಲ್ಲ. ಓಡಿಹೋಗಿ ಕೈಯಲ್ಲಿದ್ದ ಲಟ್ಟಣಿಗೆಯಿಂದ ಅವರ ಮೊಳಕೈಗೆ ಬೀಸಿ ಹೊಡೆದೆ.

ಕೈ ಕಳಚಿತು. ಅತ್ತೆಯವರು ತೊಪ್ಪನೆ ನೆಲದ ಮೇಲೆ ಕುಳಿತರು. ನಾನು ಗೋಡೆಗೆ ಹಾರಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅವರ ಮುಂದೆ ಕುಸಿದೆ. ಮೊಳಕೈ ಅಷ್ಟರಲ್ಲೇ ಕೆಂಪಗೆ ಬಾತುಕೊಂಡಿತ್ತು.

"ಏನ್ ತಲಿ ತಿರಗೇತೇನ ನಿನಗ? ಹಿಂಗ ಬಡಿತಾರೇನ?"

"ಹಿಡಕೊಂಡೈತಿ ಅಂತ ತಿಳದೆ ಅತ್ತೀ..."

"ಹಿಡಕೊಂಡಿದ್ದಿಲ್ಲ. ಜುಂ ಅಂತು. ಬಿಡತೈತೋ, ಹಂಗ ಇರತೈತೋ ನೋಡಾಕತ್ತಿದ್ದೆ."

"ನೋಡಾಕ? ನೀವ್ಯಾಕ್ರಿ ನೋಡಬೇಕು?"

ಅವರು ಮೊಳಕೈ ಉಜ್ಜಿಕೊಳ್ಳುತ್ತ ನನ್ನತ್ತ ನೋಡಲಿಲ್ಲ. "ಮತ್ತ ಯಾರ್ ನೋಡಬೇಕು? ದಿನಾ ಸಂಜೀತನಕ ಅದಕ್ಕ ಆತಗೊಂಡ ಕೂಡಾಕಿ ನೀನು. ಹೊಟ್ಟ್ಯಾಗ ಕೂಸೈತಿ. ಬ್ಯಾಡಂದ್ರ ಕೇಳೂ ಪೈಕಿ ಅಲ್ಲ. ಮಣ್ಣ ಒಣಗೇತಿ, ಇವತ್ತ ಕಚ್ಚತೈತಿ ಅಂತ ಗೊತ್ತಿತ್ತ. ನಿನಗ ಹೇಳೂಕಿಂತ ಮೊದಲ ಖಾತ್ರಿ ಮಾಡ್ಕೋಬೇಕಲ್ಲ."

ಇಷ್ಟು ದಿನ ಪೂಜೆ ಎಂದು ನಾನು ತಿಳಿದದ್ದು ಈ ಪರೀಕ್ಷೆಯನ್ನು. ನನಗೆ ಕೇಳಲು ತೋಚಿದ್ದು ಇದೊಂದೇ: "ನೋಡೂದಿತ್ತು ಅಂದ್ರ ಕೈ ಒರಸ್ಕೊಂಡರ ಮುಟ್ಟಬಾರದೇನ್ರಿ?"

"ಒಣಾ ಕೈಗೆ ಸಣ್ಣಂಗ ಇದ್ರ ತಿಳಿಯಂಗಿಲ್ಲವಾ" ಎಂದರು ಅತ್ತೆಯವರು. "ಅದಕ್ಕ ಹಸೀ ಮಾಡ್ಕೊಂಡ ಬರತಿದ್ದೆ."

ಅಷ್ಟು ದಿನ ಆ ಪೆಟ್ಟಿಗೆಗೆ ಹೆದರಿದ್ದೆ. ಈ ಮಾತು ಕೇಳಿದ ಮೇಲೆ ಬಂದ ಹೆದರಿಕೆ ಬೇರೆಯೇ. ಅತ್ತೆಯವರ ಹಸಿ ಕೈಯನ್ನು ನನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕುಳಿತೆ. ಒಲೆಯ ಮೇಲೆ ಚಪಾತಿ ಸುಡುವ ವಾಸನೆ ಬರುತ್ತಿದ್ದರೂ, "ಬಿಡ ನನ್ನ ಕೈ, ಮನಿ ಸುಟ್ಟೀತು" ಎಂದು ಅವರು ಬಯ್ಯುತ್ತಿದ್ದರೂ ಬಿಡಲು ಧೈರ್ಯವಾಗಲಿಲ್ಲ.